ಅನುಮತಿ ಇಲ್ಲದೆ ಮರಿಯಾದ ನೂರ ಎಪ್ಪತ್ತನಾಲ್ಕು ಮೊಟ್ಟೆಗಳ ಬಗ್ಗೆ

ಮೊಟ್ಟೆ ಮತ್ತು ಮರಿ ಇಲಾಖೆ
ಮರಿ ಮಾಡಿಸುವ ಕೇಂದ್ರ, ಹಿಂಬದಿ ಕಟ್ಟಡ

ಸಂಖ್ಯೆ: ಮೊಮಇ/ತಳಿ/ಪರಿ/ಒಡೆತ/೧೭೪/ಭಾಗ-೨
ದಿನಾಂಕ: ಐದನೇ ಕಂತಿನ ಇಪ್ಪತ್ತನೆಯ ದಿನ

ಸುತ್ತೋಲೆ

ವಿಷಯ: ಕೋಳಿಮೊಟ್ಟೆ ಒಡೆದು ಮರಿಯಾಗುವುದರ ಮೇಲೆ ತಳಿ ಮತ್ತು ಪರಿಸರದ ಪ್ರಭಾವ, ನಾಲ್ಕನೇ ಕಂತಿನಲ್ಲಿ ಶೇಕಡಾ ಎಂಬತ್ತೇಳರಷ್ಟು ಮೊಟ್ಟೆಗಳು ಇಲಾಖೆಯ ಪೂರ್ವಾನುಮತಿ ಪಡೆಯದೆ ಮರಿಯಾಗಿರುವುದು, ಇಂಥ ಘಟನೆ ಮರುಕಳಿಸದಂತೆ ಕ್ರಮ ವಹಿಸುವ ಕುರಿತು.

ಉಲ್ಲೇಖ:
೧. ತಳಿ ವಿಭಾಗದ ಸಹಾಯಕ ನಿರ್ದೇಶಕರು ಪರಿಸರ ವಿಭಾಗದ ಸಹಾಯಕ ನಿರ್ದೇಶಕರಿಗೆ ಬರೆದ ಪತ್ರ.
೨. ಸದರಿ ಪತ್ರಕ್ಕೆ ಪರಿಸರ ವಿಭಾಗದವರು ನೀಡಿದ ಖಾರವಾದ ಉತ್ತರ.
೩. ಸದರಿ ಉತ್ತರದ ಧಾಟಿ ಸರಿಯಿಲ್ಲವೆಂದು ತಳಿ ವಿಭಾಗದವರು ಮೇಲಧಿಕಾರಿಗಳಿಗೆ ಸಲ್ಲಿಸಿದ ದೂರು.
೪. ಯಂತ್ರ ಕೊಠಡಿಯ ಪರಿಚಾರಕಿಯ ಅರ್ಜಿ (ಒಂದೇ ಸಾಲು, ಮೇವಿನ ಚೀಲದ ಚೀಟಿಯ ಹಿಂಬದಿಯಲ್ಲಿ ಬರೆದದ್ದು).
೫. ಮೊಟ್ಟೆ ಒಡೆಯದಿರುವಿಕೆ ವಿಚಾರಣಾ ಸಮಿತಿಯ ವರದಿ, ಸಂಪುಟ ಒಂದು. (ಸಂಪುಟ ಎರಡರ ಮೇಲೆ ಹೇಂಟೆಯೊಂದು ಕಾವಿಗೆ ಕೂತಿರುವುದರಿಂದ ಅದು ಪರಿಶೀಲನೆಗೆ ಲಭ್ಯವಾಗಿರುವುದಿಲ್ಲ.)

ಪ್ರಸ್ತಾವನೆ

ಈ ಕೇಂದ್ರದಲ್ಲಿ ಒಂದು ಕಾವು ಯಂತ್ರ, ನಲವತ್ತು ಹೇಂಟೆಗಳು, ಎರಡು ಹುಂಜಗಳು, ಹನ್ನೊಂದು ಅಧಿಕಾರಿಗಳು ಹಾಗೂ ಒಬ್ಬ ಪರಿಚಾರಕಿ ಇರುತ್ತಾರೆ. ಕಂತಿಗೆ ಇನ್ನೂರರಂತೆ ಮೊಟ್ಟೆಗಳನ್ನು ಯಂತ್ರದಲ್ಲಿಟ್ಟು, ಇಪ್ಪತ್ತೊಂದು ದಿನ ಕಾವು ಕೊಟ್ಟು, ಮರಿ ಮಾಡಿಸಿ, ಸುತ್ತಲಿನ ಮನೆಗಳಿಗೆ ಹಂಚುವುದು ಕೇಂದ್ರದ ಕೆಲಸವಾಗಿರುತ್ತದೆ. ಯಂತ್ರ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಇರುವ ಪರಿಚಾರಕಿಯನ್ನು ಕಚೇರಿಯಲ್ಲಿ ಎಲ್ಲರೂ ‘ಕಾವಿನಕ್ಕ’ ಎಂದು ಕರೆಯುವುದು ರೂಢಿಯಾಗಿದ್ದು, ಇಲ್ಲಿಯೂ ಹಾಗೆಯೇ ಉಲ್ಲೇಖಿಸಲಾಗಿದೆ. ಇದನ್ನು ಸಲುಗೆ ಎಂದು ಯಾರೂ ಭಾವಿಸತಕ್ಕದ್ದಲ್ಲ.

ಹಿಂದೆ ಕೇಂದ್ರದಲ್ಲಿ ಕಾವಿನಕ್ಕ ಒಬ್ಬರೇ ಇದ್ದ ಕಾಲದಲ್ಲಿ ನೂರಕ್ಕೆ ಎಂಬತ್ತು ಮೊಟ್ಟೆಗಳು ಮರಿಯಾಗುತ್ತಿದ್ದವು ಎಂದು ಅವರು ಹೇಳುತ್ತಾರೆ. ಇದಕ್ಕೆ ಯಾವುದೇ ದಾಖಲೆ ಇಲ್ಲ. ಮರಿಗಳು ಮಾತ್ರ ಇದ್ದವು. ಈ ಅವ್ಯವಸ್ಥೆಯನ್ನು ಸರಿಪಡಿಸುವ ಸಲುವಾಗಿ ಕೇಂದ್ರವನ್ನು ಮೇಲ್ದರ್ಜೆಗೆ ಏರಿಸಿ, ಹನ್ನೊಂದು ಅಧಿಕಾರಿಗಳನ್ನು ನೇಮಿಸಿ, ಕಂತುಗಳನ್ನು ಒಂದರಿಂದ ಹೊಸದಾಗಿ ಎಣಿಸಲಾಯಿತು. ಮೊದಲ ಕಂತಿನಲ್ಲಿ ಶೇಕಡಾ ನಲವತ್ತೊಂದು, ಎರಡನೆಯದರಲ್ಲಿ ಮೂವತ್ತೆಂಟು, ಮೂರನೆಯದರಲ್ಲಿ ಇಪ್ಪತ್ತೊಂಬತ್ತು ಮೊಟ್ಟೆಗಳು ಮಾತ್ರ ಒಡೆದವು. ಆಡಳಿತ ಬಿಗಿಯಾದಷ್ಟೂ ಮೊಟ್ಟೆಯೂ ಬಿಗಿಯಾಗುತ್ತಿರುವುದನ್ನು ಈ ಕಚೇರಿಯು ಗಂಭೀರವಾಗಿ ಪರಿಗಣಿಸಿತು.

ಈ ಬಗ್ಗೆ ತಳಿ ವಿಭಾಗವು, ತಪ್ಪು ಪರಿಸರದ್ದೆಂದೂ, ಪರಿಸರ ವಿಭಾಗವು, ತಪ್ಪು ತಳಿಯದ್ದೆಂದೂ ಒಂಬತ್ತು ತಿಂಗಳ ಕಾಲ ಪತ್ರ ವ್ಯವಹಾರ ನಡೆಸಿದವು. ತಳಿ ವಿಭಾಗದ ಸಹಾಯಕ ನಿರ್ದೇಶಕರೂ ಪರಿಸರ ವಿಭಾಗದ ಪ್ರಭಾರ ಸಹಾಯಕ ನಿರ್ದೇಶಕರೂ ಒಬ್ಬರೇ ಆಗಿದ್ದು, ಈ ಸುತ್ತೋಲೆಗೆ ಸಹಿ ಮಾಡುತ್ತಿರುವವರೂ ಅವರೇ ಆಗಿರುತ್ತಾರೆ. ಬೆಳಗ್ಗೆ ತಳಿಯ ಕುರ್ಚಿಯಲ್ಲಿ ಕೂತು ಬರೆದ ಪತ್ರವನ್ನು ಮಧ್ಯಾಹ್ನ ಪರಿಸರದ ಕುರ್ಚಿಯಲ್ಲಿ ಕೂತು ಓದಿದಾಗ ಅದರ ಭಾಷೆ ನಿಜಕ್ಕೂ ನೋವುಂಟು ಮಾಡುವಂತಿತ್ತು. ಎರಡೂ ಕುರ್ಚಿಗಳ ನಡುವೆ ಈಗ ಮಾತುಕತೆ ಇಲ್ಲ.

ಕೊನೆಗೆ, ತಳಿಯೂ ಸರಿ, ಪರಿಸರವೂ ಸರಿ ಎಂದು ಎರಡೂ ವಿಭಾಗಗಳು ಪರಸ್ಪರ ದೃಢೀಕರಿಸಿಕೊಂಡ ಮೇಲೆ ಉಳಿದವರು ಕಾವಿನಕ್ಕ ಒಬ್ಬರೇ ಆದ್ದರಿಂದ, ತಪ್ಪನ್ನು ಅವರ ಮೇಲೆ ನಿಗದಿಪಡಿಸಲಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಎಂದು ಟಪ್ಪಾಲು ಗುಮಾಸ್ತರು ಅಂದದ್ದು ಕಚೇರಿಯ ಗಮನಕ್ಕೆ ಬಂದಿದೆ. ನಾಲ್ಕನೇ ಕಂತಿನಲ್ಲಿ ಶೇಕಡಾ ಎಪ್ಪತ್ತೈದಕ್ಕಿಂತ ಕಡಿಮೆ ಮರಿಯಾದರೆ ಅವರನ್ನು ಯಂತ್ರ ಕೊಠಡಿಯಿಂದ ತೆಗೆದು, ಗೋದಾಮಿನಲ್ಲಿ ಖಾಲಿ ಚೀಲ ಮಡಿಸುವ ಕೆಲಸಕ್ಕೆ ಹಾಕಲಾಗುವುದೆಂದು ನೋಟಿಸ್ ನೀಡಲಾಯಿತು. ನೋಟಿಸ್ ಓದಿದ ದಿನ ಅವರು ಊಟದ ಡಬ್ಬಿ ತೆರೆಯಲಿಲ್ಲ ಎಂದು ಕಾವಲುಗಾರ ವರದಿ ಮಾಡಿರುತ್ತಾನೆ. ಹತ್ತೊಂಬತ್ತು ವರ್ಷ ಮರಿಗಳ ಸದ್ದಿನ ನಡುವೆ ಇದ್ದವರಿಗೆ ಗೋದಾಮಿನ ಚೀಲಗಳು ಮೌನವೆನಿಸಬಹುದು ಎಂಬ ಅಂಶವನ್ನು ಆಗ ಯಾರೂ ಟಿಪ್ಪಣಿಯಲ್ಲಿ ಬರೆದಿರಲಿಲ್ಲ.

ನಾಲ್ಕನೇ ಕಂತಿನಲ್ಲಿ ಇನ್ನೂರಕ್ಕೆ ನೂರ ಎಪ್ಪತ್ತನಾಲ್ಕು ಮರಿಗಳಾದವು. ಇದರಿಂದ ಕಚೇರಿಗೆ ಉಂಟಾದ ಮುಜುಗರವನ್ನು ಗಮನದಲ್ಲಿಟ್ಟುಕೊಂಡು, ಈ ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ.

ಭಾಗ ಅ: ತಳಿ

೧. ಕೇಂದ್ರದಲ್ಲಿ ಮಂಜೂರಾದ ಹುಂಜದ ಹುದ್ದೆಗಳು ಎರಡು. ಮೊದಲನೆಯದರಲ್ಲಿ ‘ದೊಡ್ಡಪ್ಪ’ ಎಂದು ಕರೆಯಲ್ಪಡುವ ಹುಂಜವು ಸೇವಾ ಜ್ಯೇಷ್ಠತೆಯ ಆಧಾರದ ಮೇಲೆ ಆರು ವರ್ಷಗಳಿಂದ ಮುಂದುವರಿಯುತ್ತಿದೆ. ಅದಕ್ಕೆ ಈಗ ಹೇಂಟೆಯ ಹಿಂದೆ ಓಡುವುದಿರಲಿ, ಬೆಳಗ್ಗೆ ಕೂಗುವುದಕ್ಕೂ ದಮ್ಮಿಲ್ಲ. ಹತ್ತೂವರೆಗೆ, ಅಧಿಕಾರಿಗಳು ಬಂದ ಮೇಲೆ, ಒಮ್ಮೆ ಕೆಮ್ಮಿದಂತೆ ಮಾಡುತ್ತದೆ. ಆದರೂ ಅದರ ನಡತೆಯ ಬಗ್ಗೆ ಯಾವುದೇ ದೂರು ಇಲ್ಲದ ಕಾರಣ ಅದನ್ನು ಬದಲಿಸಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

೨. ಎರಡನೆಯ ಹುದ್ದೆಯಲ್ಲಿದ್ದ ಹುಂಜವು ಸೇವೆಯಲ್ಲಿರುವಾಗಲೇ ನಾಯಿಯ ಬಾಯಿಗೆ ಸಿಕ್ಕಿ ತೀರಿಕೊಂಡಿದ್ದರಿಂದ, ಅದರ ಮಗನನ್ನು ಅನುಕಂಪದ ಆಧಾರದ ಮೇಲೆ ನೇಮಿಸಲಾಗಿದೆ. ತೀರಿಕೊಂಡದ್ದು ದೊಡ್ಡಪ್ಪನ ತಮ್ಮ. ಸಮಿತಿಯು ರಚಿಸಿದ ವಂಶವೃಕ್ಷದ ಪ್ರಕಾರ, ನಲವತ್ತು ಹೇಂಟೆಗಳ ಪೈಕಿ ಇಪ್ಪತ್ತಾರಕ್ಕೆ ದೊಡ್ಡಪ್ಪನೇ ತಂದೆ, ಒಂಬತ್ತಕ್ಕೆ ಅಜ್ಜ, ಉಳಿದ ಐದಕ್ಕೆ ಅಣ್ಣ. ಹೀಗಿರುವಾಗ ಮೊಟ್ಟೆಯೊಳಗಿನ ಮರಿಯು ಅಪ್ಪನನ್ನು ಅಪ್ಪ ಎನ್ನಬೇಕೋ, ತಾತ ಎನ್ನಬೇಕೋ, ಮಾವ ಎನ್ನಬೇಕೋ ತಿಳಿಯದೆ ಹೊರಗೆ ಬರಲು ಹಿಂಜರಿದಿರಬಹುದು ಎಂದು ಸಮಿತಿಯು ಅಭಿಪ್ರಾಯಪಟ್ಟಿದೆ. ಒಂದೇ ಮನೆಯ ರಕ್ತ ಸುತ್ತಿ ಸುತ್ತಿ ಬಂದರೆ ಮೊಟ್ಟೆಯೊಳಗೇ ಮರಿ ಸೊರಗುತ್ತದೆ ಎಂದು ಪುಸ್ತಕದಲ್ಲಿಯೂ ಬರೆದಿದೆಯಂತೆ. ಆದರೆ ಒಂದೇ ಮನೆತನದವರು ತಲೆತಲಾಂತರದಿಂದ ಸೇವೆಯಲ್ಲಿರುವುದು ಈ ಇಲಾಖೆಗೆ ಹೊಸದಲ್ಲ. ಸಹಿ ಮಾಡುತ್ತಿರುವವರ ಮಾವನವರೂ ಇದೇ ಇಲಾಖೆಯಲ್ಲಿ ಇದ್ದರು. ಅವರಿಂದ ಯಾವ ಮೊಟ್ಟೆಗೂ ತೊಂದರೆಯಾದ ವರದಿ ಇಲ್ಲ.

೩. ಇನ್ನು ಮುಂದೆ ಪ್ರತಿ ಹುಂಜವೂ ಹೇಂಟೆಯನ್ನು ಸಮೀಪಿಸುವ ಮುನ್ನ, ತಮ್ಮಿಬ್ಬರ ನಡುವೆ ಯಾವ ನೆಂಟಸ್ತಿಕೆಯೂ ಇಲ್ಲವೆಂದು ಸ್ವಯಂ ದೃಢೀಕರಣ ನೀಡತಕ್ಕದ್ದು. ನೆಂಟಸ್ತಿಕೆ ಇದ್ದಲ್ಲಿ ಅದನ್ನು ನಿಖರವಾಗಿ ನಮೂದಿಸತಕ್ಕದ್ದು. ‘ಹೇಗೋ ಸಂಬಂಧ ಆಗಬೇಕು’ ಎಂಬಂಥ ಅಸ್ಪಷ್ಟ ಉತ್ತರಗಳನ್ನು ಸ್ವೀಕರಿಸಲಾಗುವುದಿಲ್ಲ. ಈ ನಿಯಮದ ಬಗ್ಗೆ ಹುಂಜಗಳ ಅಭಿಪ್ರಾಯ ಪಡೆದಿಲ್ಲ. ಕೋಳಿ ಕೇಳಿ ಮಸಾಲೆ ಅರೆಯುವ ಪದ್ಧತಿ ಈ ಇಲಾಖೆಯಲ್ಲಿ ಎಂದೂ ಇರಲಿಲ್ಲ.

೪. ದರ್ಜಿಯ ಹುಂಜದ ಬಗ್ಗೆ. ಕೇಂದ್ರದ ಹಿಂಬದಿ ಗೋಡೆಯು ನಾಲ್ಕನೇ ಕಂತಿಗೆ ಮೂರು ವಾರ ಮುಂಚೆ ಕುಸಿದು ಬಿದ್ದಿತು. ಅದನ್ನು ಕಟ್ಟಿಸಿ ಎಂದು ಕಾವಿನಕ್ಕ ಮೂರು ಸಲ ಹೇಳಿದ್ದು ನಿಜ. ಗೋಡೆ ಬಿದ್ದಿರುವುದು ಪರಿಸರಕ್ಕೆ ಸೇರಿದ ವಿಷಯವೋ, ಗೋಡೆಯಾಚೆಯಿಂದ ಬರುವುದು ತಳಿಗೆ ಸೇರಿದ ವಿಷಯವೋ ಎಂಬುದು ಇತ್ಯರ್ಥವಾಗುವಷ್ಟರಲ್ಲಿ, ಪಕ್ಕದ ಅಂಗಡಿಯ ದರ್ಜಿಗೆ ಸೇರಿದ, ಕತ್ತಿನಲ್ಲಿ ಒಂದೂ ಪುಕ್ಕವಿಲ್ಲದ ಬೋಳುಕತ್ತಿನ ಹುಂಜವೊಂದು ಯಾವುದೇ ನೇಮಕಾತಿ ಆದೇಶವಿಲ್ಲದೆ ಒಳಗೆ ಬಂದು ಕರ್ತವ್ಯಕ್ಕೆ ಹಾಜರಾಗಿರುತ್ತದೆ. ನಾಲ್ಕನೇ ಕಂತಿನ ಮರಿಗಳ ಪೈಕಿ ತೊಂಬತ್ತಮೂರು ಬೋಳುಕತ್ತಿನವು. ಕೇಂದ್ರದ ಬಿಳಿ ತಳಿಯ ಇತಿಹಾಸದಲ್ಲಿ ಇಂಥ ಕತ್ತನ್ನು ಯಾರೂ ಕಂಡಿಲ್ಲವಾದ್ದರಿಂದ, ಈ ಬಗ್ಗೆ ಹೆಚ್ಚಿನ ತನಿಖೆ ಅನಗತ್ಯವೆಂದು ಭಾವಿಸಲಾಗಿದೆ.

೫. ದರ್ಜಿಯನ್ನು ಕರೆಸಿ ಆತನ ಹುಂಜದ ನಡತೆಯ ಬಗ್ಗೆ ವಿವರಣೆ ಕೇಳಲಾಯಿತು. ನಿಮ್ಮ ಗೋಡೆ ಬಿದ್ದಿದ್ದಕ್ಕೆ ನನ್ನ ಹುಂಜ ಹೊಣೆಯಲ್ಲ ಎಂದೂ, ಅದು ಈಗ ಮನೆಗೇ ಬರುತ್ತಿಲ್ಲವಾದ್ದರಿಂದ ದೂರು ಕೊಡಬೇಕಾದವನು ತಾನೇ ಎಂದೂ ಆತ ಹೇಳಿರುತ್ತಾನೆ. ಹೊರಡುವ ಮುನ್ನ, ಸಮಿತಿಯ ಅಧ್ಯಕ್ಷರ ಅಂಗಿಯ ತೋಳು ಒಂದು ಉದ್ದ ಒಂದು ಗಿಡ್ಡ ಇರುವುದನ್ನೂ ಆತ ಕೇಳದೆಯೇ ತಿಳಿಸಿರುತ್ತಾನೆ. ಇನ್ನು ಮುಂದೆ ಹೊರಗಿನ ಹುಂಜಗಳು ಸಂದರ್ಶಕರ ಪುಸ್ತಕದಲ್ಲಿ ಬಂದ ವೇಳೆ, ಹೋದ ವೇಳೆ ಮತ್ತು ಭೇಟಿಯ ಉದ್ದೇಶವನ್ನು ಬರೆಯತಕ್ಕದ್ದು. ಉದ್ದೇಶದ ಕಾಲಂನಲ್ಲಿ ‘ವೈಯಕ್ತಿಕ’ ಎಂದು ಬರೆದರೆ ಸಾಕು.

೬. ಬೋಳುಕತ್ತಿನ ಮರಿಗಳನ್ನು ಮೇಲಧಿಕಾರಿಗಳು ನೋಡದಂತೆ, ವಿಚಾರಣೆ ಮುಗಿಯುವವರೆಗೆ ಅವುಗಳ ಕತ್ತಿಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟತಕ್ಕದ್ದು. ಪಟ್ಟಿಗಳನ್ನು ಸದರಿ ದರ್ಜಿಯಿಂದಲೇ ಹೊಲಿಸತಕ್ಕದ್ದು. ಮಾಡಿದ್ದುಣ್ಣೋ ಮಹರಾಯ ಎಂಬುದು ಇಲಾಖೆಯ ನಿಲುವು.

ಭಾಗ ಆ: ಪರಿಸರ

೭. ಮೊಟ್ಟೆಯ ತಾಜಾತನ. ಮೊಟ್ಟೆ ಇಟ್ಟ ಏಳು ದಿನದೊಳಗೆ ಅದನ್ನು ಕಾವಿಗಿಡಬೇಕು, ತಡವಾದಷ್ಟೂ ಒಳಗಿನ ಜೀವ ಕುಂದುತ್ತದೆ ಎಂದು ಕಾವಿನಕ್ಕ ಹೇಳುತ್ತಾರೆ. ಕಾವಿಗಿಡುವ ಮಂಜೂರಾತಿ ಕಡತವು ಹನ್ನೊಂದು ಅಧಿಕಾರಿಗಳ ಮೇಜಿನ ಮೇಲೆ ಹಾದುಬರಲು ಹನ್ನೆರಡು ದಿನ ತೆಗೆದುಕೊಳ್ಳುತ್ತದೆ. ಕಡತದ ವೇಗವನ್ನು ಹೆಚ್ಚಿಸುವುದು ಸಾಧ್ಯವಿಲ್ಲದ ಕಾರಣ, ಹೇಂಟೆಗಳು ಮೊಟ್ಟೆಯಿಡುವ ಹನ್ನೆರಡು ದಿನ ಮುಂಚಿತವಾಗಿ ನಮೂನೆ ಏಳರಲ್ಲಿ ಮುನ್ಸೂಚನೆ ನೀಡತಕ್ಕದ್ದು. ಮುನ್ಸೂಚನೆ ನೀಡಿದ ಮೇಲೆ ಮೊಟ್ಟೆಯಿಡದ ಹೇಂಟೆಯಿಂದ ಕಾರಣ ಕೇಳಲಾಗುವುದು.

೮. ಪ್ರತಿ ಮೊಟ್ಟೆಯ ಚಿಪ್ಪಿನ ಮೇಲೆ ಹನ್ನೊಂದು ಅಧಿಕಾರಿಗಳೂ ಸಹಿ ಮಾಡುವ ಪದ್ಧತಿಯು ಮುಂದುವರಿಯತಕ್ಕದ್ದು. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿದ್ದು ಮರಿ ಅದರಿಂದಲೇ ಉಸಿರಾಡುತ್ತದೆ, ಮಸಿ ಮೆತ್ತಿದರೆ ಉಸಿರು ಕಟ್ಟುತ್ತದೆ ಎಂಬ ಆಕ್ಷೇಪಣೆಯನ್ನು ಪರಿಶೀಲಿಸಲಾಗಿದೆ. ಸಹಿ ಇಲ್ಲದೆ ಉಸಿರಾಡುವುದಕ್ಕಿಂತ ಸಹಿಯೊಂದಿಗೆ ಉಸಿರು ಕಟ್ಟುವುದು ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಸುರಕ್ಷಿತ. ಆದರೆ ಹನ್ನೊಂದನೆಯ ಅಧಿಕಾರಿಗಳು ಜಾಗ ಸಾಲದೆಂದು ಪಕ್ಕದ ಮೊಟ್ಟೆಯ ಮೇಲೆ ಸಹಿ ಮುಂದುವರಿಸುವುದನ್ನು ನಿಲ್ಲಿಸತಕ್ಕದ್ದು.

೯. ನಾಲ್ಕನೇ ಕಂತಿನ ವೇಳೆಗೆ ಟಪ್ಪಾಲು ಗುಮಾಸ್ತರ ಹೆಂಡತಿಗೆ ಅವಳಿ ಮಕ್ಕಳಾಗಿ ಅವರು ರಜೆಯಲ್ಲಿದ್ದುದರಿಂದ ಕಡತ ಎದ್ದೇ ಇರಲಿಲ್ಲ. ಈ ಸಂದರ್ಭವನ್ನು ಬಳಸಿಕೊಂಡು ಕಾವಿನಕ್ಕ ಯಾರ ಸಹಿಯೂ ಇಲ್ಲದ ಇನ್ನೂರು ಮೊಟ್ಟೆಗಳನ್ನು, ವಾರದೊಳಗಿನವೇ ಎಲ್ಲವನ್ನೂ, ಅಗಲದ ತುದಿ ಮೇಲೆ ಮಾಡಿ ಯಂತ್ರದಲ್ಲಿಟ್ಟಿರುತ್ತಾರೆ. ಟಪ್ಪಾಲು ಗುಮಾಸ್ತರು ಇನ್ನು ಮುಂದೆ ಕಂತು ನಡೆಯುವಾಗ ತಂದೆಯಾಗತಕ್ಕದ್ದಲ್ಲ.

೧೦. ಮೊಟ್ಟೆ ತಿರುಗಿಸುವುದು. ಮೊದಲ ಹದಿನೆಂಟು ದಿನ ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ತಿರುಗಿಸದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕಚೇರಿಯ ವೇಳೆಯಲ್ಲಿ ಮೂರು ಸಲ ತಿರುಗಿಸತಕ್ಕದ್ದು. ರಜಾ ದಿನಗಳಲ್ಲಿ ಮರಿಗಳು ಅಂಟಿಕೊಳ್ಳತಕ್ಕದ್ದಲ್ಲ. ಕಾವಿನಕ್ಕ ಭಾನುವಾರಗಳಂದೂ ಬಂದು ತಿರುಗಿಸಿರುವುದು ಕಾವಲುಗಾರನ ಪುಸ್ತಕದಿಂದ ತಿಳಿದುಬಂದಿದ್ದು, ಹತ್ತೊಂಬತ್ತು ವರ್ಷಗಳಲ್ಲಿ ಒಟ್ಟು ಎಷ್ಟು ಭಾನುವಾರ ಅನಧಿಕೃತವಾಗಿ ಕೆಲಸ ಮಾಡಿದ್ದಾರೆ ಎಂಬುದಕ್ಕೆ ಅವರಿಂದ ವಿವರಣೆ ಕೇಳಲಾಗಿದೆ.

೧೧. ಯಂತ್ರದ ಬಾಗಿಲು. ಒಳಗಿನ ಶಾಖವು ಮೂವತ್ತೇಳೂವರೆ ಡಿಗ್ರಿ ಇರತಕ್ಕದ್ದು. ಇದನ್ನು ಹೊರಗಿನಿಂದಲೇ ನೋಡಲು ಬಾಗಿಲಿಗೆ ಗಾಜಿನ ಕಿಂಡಿ ಇರುತ್ತದೆ. ಸದರಿ ಗಾಜಿನ ಮೇಲೆ, ಎಲ್ಲರಿಗೂ ಕಾಣಲಿ ಎಂದು, ‘ಅನಗತ್ಯವಾಗಿ ಬಾಗಿಲು ತೆರೆಯಬಾರದು’ ಎಂಬ ಇಲಾಖೆಯ ಸೂಚನಾ ಫಲಕವನ್ನು ಪೂರ್ತಿ ಅಂಟಿಸಲಾಗಿದೆ. ಆದಕಾರಣ ಶಾಖಮಾಪಕ ನೋಡಲು ಬಾಗಿಲು ತೆರೆಯುವುದು ಅಗತ್ಯವಾಗಿರುತ್ತದೆ.

೧೨. ಮೂರನೇ ಕಂತಿನ ಇಪ್ಪತ್ತೊಂದು ದಿನಗಳಲ್ಲಿ ಬಾಗಿಲನ್ನು ಮುನ್ನೂರ ಹನ್ನೆರಡು ಸಲ ತೆರೆದಿರುವುದು ಬಾಗಿಲು ತೆರೆದ ಪುಸ್ತಕದಲ್ಲಿ ದಾಖಲಾಗಿದೆ. ಪ್ರತಿ ಸಲವೂ ಒಳಗಿನ ಶಾಖ ಇಳಿಯುತ್ತಿದ್ದುದನ್ನು ಸಮಿತಿಯು ಪ್ರತಿ ಸಲವೂ ಬಾಗಿಲು ತೆರೆದು ಖಚಿತಪಡಿಸಿಕೊಂಡಿದೆ. ತೆರೆದುದಕ್ಕೆ ಕಾರಣಗಳು ಈ ಪ್ರಕಾರ ಇವೆ: ಶಾಖ ನೋಡಲು, ನೂರ ಎಂಬತ್ತು ಸಲ, ಶಾಖ ಯಾಕೆ ಇಳಿಯಿತೆಂದು ನೋಡಲು, ಎಪ್ಪತ್ತೊಂದು ಸಲ, ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು, ನಲವತ್ತೊಂದು ಸಲ, ಅತಿಥಿಗಳಿಗೆ ತೋರಿಸಲು, ಹತ್ತೊಂಬತ್ತು ಸಲ, ಒಬ್ಬ ಅಧಿಕಾರಿಯ ಕನ್ನಡಕ ಹುಡುಕಲು, ಒಂದು ಸಲ. ಕನ್ನಡಕವು ಅಧಿಕಾರಿಯ ಹಣೆಯ ಮೇಲಿತ್ತು.

೧೩. ಕಾವಿನಕ್ಕ ಆ ಸಮಯದಲ್ಲಿ ಸಲ್ಲಿಸಿದ ಉಲ್ಲೇಖ (೪)ರ ಅರ್ಜಿಯಲ್ಲಿ, ‘ಬಾಗಿಲು ಮುಚ್ಚಿಡಿ’ ಎಂದು ಇತ್ತು. ಅರ್ಜಿಯಲ್ಲಿ ವಿಷಯ, ಉಲ್ಲೇಖ, ಪ್ರಸ್ತಾವನೆ ಯಾವುದೂ ಇಲ್ಲದ ಕಾರಣ ಅದನ್ನು ಹಿಂತಿರುಗಿಸಲಾಗಿದೆ.

ಭಾಗ ಇ: ನಾಲ್ಕನೇ ಕಂತಿನ ಘಟನೆ

೧೪. ನಾಲ್ಕನೇ ಕಂತಿನ ಹದಿನೆಂಟನೆಯ ದಿನ ಸಂಜೆ, ಮೊಟ್ಟೆಗಳನ್ನು ಕೊನೆಯ ಸಲ ತಿರುಗಿಸಿ, ಯಂತ್ರದೊಳಗೆ ತೇವಕ್ಕಾಗಿ ಇಟ್ಟ ತಟ್ಟೆಗೆ ನೀರು ತುಂಬಿಸಿ, ಕಾವಿನಕ್ಕ ಯಂತ್ರ ಕೊಠಡಿಗೇ ಬೀಗ ಹಾಕಿ, ಕೀಲಿಯನ್ನು ದಾರದಲ್ಲಿ ಕತ್ತಿಗೆ ಕಟ್ಟಿಕೊಂಡು, ಬಾಗಿಲ ಮುಂದೆ ಸ್ಟೂಲು ಹಾಕಿ ಕೂತರು. ಕೊನೆಯ ಮೂರು ದಿನ ಮೊಟ್ಟೆಗಳನ್ನು ಮುಟ್ಟಲೂ ಬಾರದು, ಗಾಳಿಯನ್ನೂ ಸೋಕಿಸಬಾರದು ಎಂಬುದು ಅವರ ವಾದ. ಹತ್ತೊಂಬತ್ತನೆಯ ದಿನ ಸಮಿತಿಯು ಅಧ್ಯಕ್ಷರು, ನಾಲ್ವರು ಸದಸ್ಯರು ಮತ್ತು ಒಂದು ಕುರ್ಚಿಯೊಂದಿಗೆ ಪರಿಶೀಲನೆಗೆ ಆಗಮಿಸಿತು. ಬಾಗಿಲು ತೆರೆಯುವಂತೆ ಮೌಖಿಕವಾಗಿ, ನಂತರ ಲಿಖಿತವಾಗಿ, ನಂತರ ಸ್ವಲ್ಪ ಜೋರಾಗಿ ಸೂಚಿಸಲಾಯಿತು.

೧೫. ಅದಕ್ಕೆ ಕಾವಿನಕ್ಕ ನೀಡಿದ ಉತ್ತರವನ್ನು ಸಮಿತಿಯ ಸದಸ್ಯ ಕಾರ್ಯದರ್ಶಿಗಳು ಯಥಾವತ್ತಾಗಿ ಬರೆದುಕೊಂಡಿದ್ದು, ಅದು ಹೀಗಿದೆ: “ನಿಮ್ಮನೇಲಿ ಹೆರಿಗೆ ಆಗ್ತಿರುವಾಗ ಐದು ಜನ ಗಂಡಸರು ಕುರ್ಚಿ ಸಮೇತ ಬಂದು ಬಾಗ್ಲು ತೆಗೀರಿ ಅಂದ್ರೆ ತೆಗೀತಿದ್ರಾ ಸಾರ್?” ಸದಸ್ಯ ಕಾರ್ಯದರ್ಶಿಗಳು ನಕ್ಕಿದ್ದು, ಅವರಿಗೆ ಪ್ರತ್ಯೇಕ ನೋಟಿಸ್ ನೀಡಲಾಗಿದೆ.

೧೬. ಸಮಿತಿಯು ಬಾಗಿಲ ಮುಂದೆ ಮೂರು ಗಂಟೆ ನಿಂತು, ಬಾಗಿಲನ್ನು ಹೊರಗಿನಿಂದ ಪರಿಶೀಲಿಸಿ, ಬಾಗಿಲು ತೃಪ್ತಿಕರವಾಗಿದೆ ಎಂದು ನಿರ್ಣಯಿಸಿ ಹಿಂತಿರುಗಿತು. ಇಪ್ಪತ್ತೊಂದನೆಯ ದಿನ ಕಾವಿನಕ್ಕ ತಾವಾಗಿಯೇ ಬೀಗ ತೆಗೆದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ನೂರ ಎಪ್ಪತ್ತನಾಲ್ಕು ಮರಿಗಳು ಅಧಿಕಾರಿಗಳ ಬೂಟುಗಳ ಮೇಲೆ ಹತ್ತಿ ಇಳಿದು ಮಾಡಿದ್ದರಿಂದ ಕಚೇರಿಯ ಕೆಲಸಕ್ಕೆ ಅರ್ಧ ದಿನ ಅಡಚಣೆಯಾಯಿತು. ಅಧ್ಯಕ್ಷರು ಒಂದು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಊಟದ ವೇಳೆಯವರೆಗೂ ಕೆಳಗಿಳಿಸದೆ ಇದ್ದುದು ತನಿಖೆಯ ಭಾಗವೆಂದು ಪರಿಗಣಿಸಲಾಗಿದೆ.

೧೭. ಶೇಕಡಾ ಎಂಬತ್ತೇಳರ ಯಶಸ್ಸನ್ನು ಯಾರ ಹೆಸರಿಗೆ ಬರೆಯಬೇಕೆಂಬ ಬಗ್ಗೆ: ಬೋಳುಕತ್ತಿನ ಹುಂಜ ಬಂದಿದ್ದರಿಂದ ಅದು ತಳಿ ವಿಭಾಗಕ್ಕೆ ಸೇರುತ್ತದೆಂದು ತಳಿ ವಿಭಾಗವೂ, ಹುಂಜ ಬಂದದ್ದು ಗೋಡೆ ಬಿದ್ದಿದ್ದರಿಂದ, ಗೋಡೆಯನ್ನು ಕಟ್ಟಿಸದೆ ಬಿಟ್ಟವರು ತಾವಾದ್ದರಿಂದ ತಮಗೇ ಸೇರುತ್ತದೆಂದು ಪರಿಸರ ವಿಭಾಗವೂ ಹಕ್ಕು ಮಂಡಿಸಿವೆ. ಎರಡೂ ಕುರ್ಚಿಗಳ ಹಿತದೃಷ್ಟಿಯಿಂದ ತಲಾ ನಲವತ್ತಮೂರೂವರೆಯಂತೆ ಹಂಚಲಾಗಿದೆ. ನಮೂನೆಯಲ್ಲಿ ‘ತಳಿ’, ‘ಪರಿಸರ’ ಎಂಬ ಎರಡೇ ಕಾಲಂಗಳಿದ್ದು, ‘ಪರಿಚಾರಕಿ’ ಎಂಬ ಕಾಲಂ ಇಲ್ಲದ ಕಾರಣ ಕಾವಿನಕ್ಕನಿಗೆ ಏನನ್ನೂ ನೀಡಲು ಸಾಧ್ಯವಾಗಿಲ್ಲ.

೧೮. ಕಾವಿನಕ್ಕನ ಮೇಲೆ ಮೂರು ಆರೋಪಗಳನ್ನು ಹೊರಿಸಲಾಗಿದೆ: ಸಹಿಯಿಲ್ಲದ ತಾಜಾ ಮೊಟ್ಟೆಗಳನ್ನು ಇಟ್ಟದ್ದು, ಹೊರಗಿನ ಹುಂಜವನ್ನು ಕಂಡೂ ಓಡಿಸದೆ ಅದಕ್ಕೆ ಕಾಳು ಹಾಕಿದ್ದು, ಬಾಗಿಲು ಮುಚ್ಚಿದ್ದು. ಈ ಮೂರರಿಂದಲೇ ಮೊಟ್ಟೆಗಳು ಮರಿಯಾದವು ಎಂದು ಸಮಿತಿಯ ವರದಿಯ ನೂರ ತೊಂಬತ್ತನೆಯ ಪುಟದ ಅಡಿಟಿಪ್ಪಣಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದು, ಅದನ್ನು ಅಳಿಸಲಾಗಿದೆ. ಆರೋಪಗಳಿಗೆ ಕಾವಿನಕ್ಕ ಕೊಟ್ಟ ಲಿಖಿತ ಉತ್ತರ: “ತಪ್ಪಾಗಿದೆ. ಮುಂದಿನ ಸಲಾನೂ ಹೀಗೇ ಮಾಡ್ತೀನಿ.” ಉತ್ತರದ ಮೊದಲನೆಯ ವಾಕ್ಯವನ್ನು ಅಂಗೀಕರಿಸಲಾಗಿದೆ.

೧೯. ನೋಟಿಸಿನಲ್ಲಿ ಹೇಳಿದ ಎಪ್ಪತ್ತೈದನ್ನು ದಾಟಿರುವುದರಿಂದ ತನ್ನನ್ನು ಯಂತ್ರ ಕೊಠಡಿಯಲ್ಲೇ ಉಳಿಸಬೇಕೆಂಬ ಅವರ ಬೇಡಿಕೆಯನ್ನು ಒಪ್ಪಲು ಬರುವುದಿಲ್ಲ. ನೋಟಿಸಿನಲ್ಲಿ ಎಪ್ಪತ್ತೈದು ಎಂದಿತ್ತೇ ಹೊರತು ಎಂಬತ್ತೇಳು ಎಂದಿರಲಿಲ್ಲ. ಸೂಚಿಸಿದ್ದಕ್ಕಿಂತ ಹನ್ನೆರಡು ಹೆಚ್ಚಾಗಿರುವುದು ಸೂಚನೆಯ ಉಲ್ಲಂಘನೆಯೇ ಆಗುತ್ತದೆ. ಆದ್ದರಿಂದ ಕಾವಿನಕ್ಕನನ್ನು ಗೋದಾಮಿಗೆ ವರ್ಗಾಯಿಸಿ ಈ ಮೂಲಕ ಆದೇಶಿಸಲಾಗಿದೆ. ಅವರು ಪ್ರತಿಗೆ ಸಹಿ ಹಾಕಿ, ಕೀಲಿ ಒಪ್ಪಿಸಿದ ಕ್ಷಣದಿಂದ ಆದೇಶ ಜಾರಿಗೆ ಬರುತ್ತದೆ.

ಸೇರ್ಪಡೆ (ಸಹಿ ಮಾಡುವ ಮುನ್ನ ಕೈಬರಹದಲ್ಲಿ ಸೇರಿಸಿದ್ದು)

೨೦. ಮೇಲಿನ ಆದೇಶದ ಪ್ರತಿಯನ್ನು ಕಾವಿನಕ್ಕನಿಗೆ ತಲುಪಿಸಲು ಇಂದು ಬೆಳಗ್ಗೆ ಜವಾನನನ್ನು ಕಳುಹಿಸಲಾಗಿ, ಅವರು ಐದನೇ ಕಂತಿನ ಹದಿನೆಂಟನೆಯ ದಿನದಿಂದಲೇ ಯಂತ್ರ ಕೊಠಡಿಯ ಒಳಗಿದ್ದು, ಈ ಸಲ ಚಿಲಕವನ್ನು ಒಳಗಿನಿಂದ ಹಾಕಿಕೊಂಡಿರುವುದಾಗಿ ತಿಳಿದುಬಂದಿತು. ಹಿಂಬದಿಯ ಕಿಟಕಿಯಿಂದ ಊಟವನ್ನು ಟಪ್ಪಾಲು ಗುಮಾಸ್ತರು ಕೊಡುತ್ತಿದ್ದಾರೆ. ಕಿಟಕಿಯು ಯಾವ ವಿಭಾಗಕ್ಕೆ ಸೇರಿದ್ದೆಂದು ತೀರ್ಮಾನವಾಗದ ಕಾರಣ ಅವರ ಮೇಲೆ ಕ್ರಮ ಕೈಗೊಂಡಿಲ್ಲ.

೨೧. ಆದಕಾರಣ ಸಹಿ ಮಾಡುತ್ತಿರುವವರು ಖುದ್ದಾಗಿ ತೆರಳಿ, ಆದೇಶದ ಪ್ರತಿಯನ್ನು ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ತಳ್ಳುವ ಉದ್ದೇಶದಿಂದ ನೆಲದ ಮೇಲೆ ಮಂಡಿಯೂರಲಾಯಿತು. ಸೇವೆಗೆ ಸೇರಿ ಇಪ್ಪತ್ತಾರು ವರ್ಷವಾದರೂ ಯಾವುದೇ ಕಚೇರಿಯ ನೆಲವನ್ನು ಇಷ್ಟು ಹತ್ತಿರದಿಂದ ನೋಡಿದ ಸಂದರ್ಭ ಇದೇ ಮೊದಲು. ನೆಲ ಬೆಚ್ಚಗಿತ್ತು. ಪ್ರತಿಯನ್ನು ತಳ್ಳುವ ಮುನ್ನ ಒಳಗಿನ ಪರಿಸ್ಥಿತಿ ತಿಳಿಯುವ ಸಲುವಾಗಿ ಕಿವಿಯನ್ನು ಬಾಗಿಲಿಗೆ ಇಡಲಾಯಿತು.

೨೨. ಒಳಗಿನಿಂದ ಎರಡು ಬಗೆಯ ಸದ್ದು ಕೇಳಿಬಂದಿತು. ಒಂದು, ಇನ್ನೂ ಚಿಪ್ಪಿನೊಳಗೇ ಇರುವ ಮರಿಗಳದು. ಹೊರಗೆ ಬರುವ ಹಿಂದಿನ ದಿನವೇ ಮರಿಗಳು ಒಳಗಿನಿಂದ ಕೂಗುತ್ತವೆ ಎಂಬ ವಿಷಯ, ಎರಡೂ ವಿಭಾಗಗಳ ಮುಖ್ಯಸ್ಥರಾಗಿದ್ದರೂ, ಸಹಿ ಮಾಡುತ್ತಿರುವವರಿಗೆ ತಿಳಿದಿರಲಿಲ್ಲ. ತೆರೆದ ಬಾಗಿಲಿನಿಂದ ಅದು ಎಂದೂ ಕೇಳಿರಲಿಲ್ಲ. ಇನ್ನೊಂದು ಕಾವಿನಕ್ಕನದು, ಅವರು ಅವುಗಳಿಗೆ ಉತ್ತರ ಕೊಡುತ್ತಿದ್ದರು. “ಗೊತ್ತು, ಗೊತ್ತು. ನಾನಿಲ್ಲೇ ಇದೀನಿ. ನಿಧಾನಕ್ಕೆ ಬನ್ನಿ.”

೨೩. ಎಷ್ಟು ಹೊತ್ತು ಮಂಡಿಯೂರಿ ಇರಲಾಯಿತು ಎಂಬುದನ್ನು ದಾಖಲಿಸಿಲ್ಲ. ಜವಾನನು ಎರಡು ಸಲ ಬಂದು ಸಾರ್ ಬಿದ್ದಿರಾ ಎಂದು ವಿಚಾರಿಸಿ ಹೋಗಿರುತ್ತಾನೆ. ಸಹಿ ಮಾಡುತ್ತಿರುವವರ ತಾಯಿ ಹೀಗೆಯೇ, ಮಕ್ಕಳು ಕತ್ತಲೆಗೆ ಹೆದರಿದರೆ ಗೋಡೆಯ ಆಚೆಯಿಂದ ಮಾತಾಡುತ್ತಿದ್ದರು. ಅದು ಈ ಕಡತಕ್ಕೆ ಸಂಬಂಧಿಸಿದ ವಿಷಯವಲ್ಲವಾದರೂ, ಆ ಹೊತ್ತಿಗೆ ನೆನಪಾಯಿತು, ಮತ್ತು ತುಂಬ ನಾಚಿಕೆಯಾಯಿತು.

೨೪. ವರ್ಗಾವಣೆ ಆದೇಶವನ್ನು ಒಳಗೆ ತಳ್ಳಿರುವುದಿಲ್ಲ. ಕಚೇರಿಗೆ ಮರಳಿ, ತಳಿಯ ಕುರ್ಚಿಯಲ್ಲಿ ಕೂತು ಆದೇಶವನ್ನು ರದ್ದುಪಡಿಸಲು ಶಿಫಾರಸು ಮಾಡಲಾಯಿತು. ನಂತರ ಪರಿಸರದ ಕುರ್ಚಿಗೆ ಹೋಗಿ ಕೂತು ಅದನ್ನು ಓದಲಾಯಿತು. ಯಾವುದೇ ಆಕ್ಷೇಪಣೆ ಬರಲಿಲ್ಲ. ಹತ್ತೊಂಬತ್ತನೆಯ ಕಲಂ ಈ ಮೂಲಕ ರದ್ದಾಗಿದೆ. ಕಾವಿನಕ್ಕ ಯಂತ್ರ ಕೊಠಡಿಯಲ್ಲಿಯೇ ಇರತಕ್ಕದ್ದು. ಒಂದರಿಂದ ಹದಿನೆಂಟರವರೆಗಿನ ಕಲಂಗಳನ್ನು ಓದಲು ಅವರಿಗೆ ಪುರುಸೊತ್ತು ಇರಲಾರದೆಂದು ಭಾವಿಸಲಾಗಿರುವುದರಿಂದ, ಅವು ಅವರಿಗೆ ಅನ್ವಯಿಸುವುದಿಲ್ಲ. ಉಳಿದವರು ಚಾಚೂ ತಪ್ಪದೆ ಪಾಲಿಸತಕ್ಕದ್ದು.

(ಸಹಿ)
ಸಹಾಯಕ ನಿರ್ದೇಶಕರು, ತಳಿ ವಿಭಾಗ

(ಸಹಿ, ಅದೇ ಕೈ)
ಪ್ರಭಾರ ಸಹಾಯಕ ನಿರ್ದೇಶಕರು, ಪರಿಸರ ವಿಭಾಗ

ಪ್ರತಿಗಳು:
೧. ವಿಚಾರಣಾ ಸಮಿತಿಯ ಅಧ್ಯಕ್ಷರಿಗೆ, ಅಂದು ಅಂಗೈಯಲ್ಲಿಟ್ಟುಕೊಂಡಿದ್ದ ಮರಿಯನ್ನು ಹಿಂತಿರುಗಿಸುವ ಕೋರಿಕೆಯೊಂದಿಗೆ.
೨. ಉಳಿದ ಒಂಬತ್ತು ಅಧಿಕಾರಿಗಳಿಗೆ. ನಾಳೆ ಸಂಜೆಯವರೆಗೆ ಕೊಠಡಿಯ ಕಡೆ ಯಾರೂ ಸುಳಿಯತಕ್ಕದ್ದಲ್ಲ; ಅನಿವಾರ್ಯವಾದಲ್ಲಿ ಬೂಟು ಕಳಚಿ ನಡೆಯತಕ್ಕದ್ದು.
೩. ದರ್ಜಿಗೆ, ಮಾಹಿತಿಗಾಗಿ. ಹುಂಜ ಆರೋಗ್ಯವಾಗಿದೆ.
೪. ದೊಡ್ಡಪ್ಪ ಹುಂಜಕ್ಕೆ, ಗೂಡಿನ ಬಾಗಿಲಿಗೆ ಅಂಟಿಸುವ ಮೂಲಕ.
೫. ಟಪ್ಪಾಲು ಗುಮಾಸ್ತರಿಗೆ, ನಾಳೆ ಬೆಳಗಿನ ಊಟ ಇಬ್ಬರಿಗೆ ಆಗುವಷ್ಟು ತರುವಂತೆ. ಸಹಿ ಮಾಡಿದವರು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಇರುತ್ತಾರೆ.
೬. ಕಾವಿನಕ್ಕನಿಗೆ, ಬಾಗಿಲ ಸಂದಿಯ ಮೂಲಕ. ಸಹಿ ಬೇಕಾಗಿಲ್ಲ. ಎಷ್ಟು ಮರಿಯಾದವು ಎಂದು ಒಳಗಿನಿಂದಲೇ ಒಂದು ಮಾತು ಹೇಳಿದರೆ ಸಾಕು.